ಏಳು ಸೆಕೆಂಡು

ಬ್ರಿಡ್ಜು ಅಂದರೆ ಮಂಡ್ಯದಲ್ಲಿ ಮೊದಲು ವೇಬ್ರಿಡ್ಜು,
ಕಬ್ಬಿನ ಗಾಡಿ ಹತ್ತಿ ನಿಂತು ತೂಗಿಸಿಕೊಳ್ಳುವ ಕಬ್ಬಿಣದ ಹಲಗೆ.
ಅದರ ಗುಮಾಸ್ತೆ ಫಸಿಹುದ್ದೀನ್ ಸಾಹೇಬರು
ಸಂಜೆ ಆರಕ್ಕೆ ಲೆಡ್ಜರು ಮುಚ್ಚಿ
ಫ್ಯಾಕ್ಟರಿ ಕ್ಲಬ್ಬಿನಲ್ಲಿ ಇನ್ನೊಂದು ಬ್ರಿಡ್ಜಿಗೆ ಕೂರುತ್ತಿದ್ದರು,
ಎದುರಿಗೆ ಕೆಮಿಸ್ಟ್ ಚಿಕ್ಕಲಿಂಗಯ್ಯ.
ಇಪ್ಪತ್ತಾರು ವರ್ಷ ಅದೇ ಜೋಡಿ.
ನನಗೆ ಆಟ ಕಲಿಸಿದವರು ಅವರೇ,
ಕಾಕಂಬಿಯ ವಾಸನೆಯೊಳಗೆ, ನಾನು ಪಿಎಚ್‌ಡಿಗೆ ಸೇರಿದ ವರ್ಷ.

ನನ್ನ ಮೇಜಿನಲ್ಲಿ ಮನುಷ್ಯರಿಲ್ಲ.
ಉತ್ತರ ಮಂಡ್ಯದ ಲ್ಯಾಬಿನಲ್ಲಿ ಕೂತಿದೆ, ದಕ್ಷಿಣ ಮಾನಸಗಂಗೋತ್ರಿಯಲ್ಲಿ.
ನಡುವೆ ಪಾಂಡವಪುರ, ಕಾವೇರಿಯ ಎರಡು ಕವಲು,
ಇಲಿ ಕಡಿದಲ್ಲಿ ಟೇಪು ಸುತ್ತಿದ ಒಂದು ತಂತಿ.
ಒಂದೊಂದಕ್ಕೂ ಕಾಣುವುದು ಹದಿಮೂರೇ ಎಲೆ.
ಮಿಕ್ಕ ಮೂವತ್ತೊಂಬತ್ತನ್ನು ಸಾವಿರ ಸಲ ಸುಮ್ಮನೆ ಹಂಚು,
ಕೂಗಿಗೆ ಒಗ್ಗದ ಹಂಚಿಕೆಯನ್ನು ಬಿಸಾಡು,
ಉಳಿದವುಗಳಲ್ಲಿ ಯಾವ ಎಲೆ ಹೆಚ್ಚು ಗೆದ್ದಿತೋ ಅದನ್ನಿಳಿಸು.
ನಾನು ಬರೆದದ್ದು ಇಷ್ಟೇ.
ನನಗೆ ಗಂಡು ಹುಡುಕುವಾಗ ಸೋದರತ್ತೆ ಮಾಡಿದ್ದೂ ಇದನ್ನೇ,
ಸಾವಿರ ಸಲ ಅಲ್ಲ, ಹನ್ನೊಂದು.

ಫೆಬ್ರವರಿಯಿಂದ ನನ್ನ ಜೋಡಿ ಗೆಲ್ಲತೊಡಗಿತು.
ಗೆಲ್ಲಬಾರದಷ್ಟು ಗೆದ್ದಿತು.
ಗೈಡು ಮರಿಗೌರಮ್ಮ ಮೇಡಂ ಮೈಸೂರ್‌ಪಾಕು ತರಿಸಿದರು.
ಅದರ ತುಪ್ಪದ ಬೆರಳಲ್ಲೇ ನಾನು ದಾಖಲೆ ತಿರುವುತ್ತ ಹೋದೆ,
ಆಟ ನಾನೂರ ಹನ್ನೆರಡು, ಆಟ ನಾನೂರ ಹದಿಮೂರು.

ಉತ್ತರ ಕೂಡಲೇ 'ಪಾಸ್' ಅಂದರೆ ದಕ್ಷಿಣ ಸುಮ್ಮನಿರುತ್ತದೆ.
ಉತ್ತರ ಐದು ಸೆಕೆಂಡು ತಡೆದು 'ಪಾಸ್' ಅಂದರೆ
ದಕ್ಷಿಣಕ್ಕೆ ಗೊತ್ತು, ಅಲ್ಲೊಬ್ಬ ಇಸ್ಪೀಟು ರಾಜ ಇದ್ದಾನೆ,
ಬಾಗಿಲ ಸಂದಿಯಲ್ಲಿ ನಿಂತಿದ್ದಾನೆ.
ಕೈ ಇಕ್ಕಟ್ಟಾದಷ್ಟೂ ಯಂತ್ರ ಹೆಚ್ಚು ಹೊತ್ತು ಹಂಚಿ ನೋಡುತ್ತದೆ.
ಆ ಹೊತ್ತು ತಂತಿಯಲ್ಲಿ ಸೋರಿದೆ.
ಕಲಿಸುವ ಪಾಠದಿಂದ ಗಡಿಯಾರದ ಕಾಲಂ ತೆಗೆಯಲು
ಮರೆತವಳು ನಾನು.
ಒಂದೇ ಪದ 'ಪಾಸ್'; ಅವು ಅದರ ಹಿಂದಿನ ಮೌನವನ್ನು ಓದಿದ್ದವು.

ಕ್ಲಬ್ಬಿಗೆ ಹೋಗಿ ಹೇಳಿದೆ. ಚಿಕ್ಕಲಿಂಗಯ್ಯ ಹೊಟ್ಟೆ ಹಿಡಿದು ನಕ್ಕರು.
'ಇದು ಕಳ್ಳಾಟ ಕಣವ್ವ! ಎಲೆ ಮ್ಯಾಲೆ ಉಸ್ರೂ ಬುಡಂಗಿಲ್ಲ.
ಕೂಗಿದ್ರೆ ಕೂಗು, ಇಲ್ದಿದ್ರೆ ಇಲ್ಲ. ಮಧ್ಯ ಏನೂ ಇರಬಾರ್ದು.
ಏನಂತೀರಾ ಸಾಹೇಬ್ರೆ?'

ಸಾಹೇಬರು ಟೀ ಲೋಟ ಕೆಳಗಿಟ್ಟರು.
ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.
'ಹೌದು,' ಅಂದರು.
ನಾಲ್ಕು ಸೆಕೆಂಡು.
ಎಣಿಸಬೇಕೆಂದಿರಲಿಲ್ಲ. ಎಣಿಸಿಬಿಟ್ಟೆ.
ಚಿಕ್ಕಲಿಂಗಯ್ಯನವರ ನಗು ತಟ್ಟನೆ ನಿಂತಿತು,
ಅವರಿಗೂ ಅದನ್ನು ಓದಲು ಬರುತ್ತದೆ.

ಮಾರನೇ ದಿನ ಒಂದು ಸಾಲು ಸೇರಿಸಿದೆ:
ಕೈ ರಾಜರಿಂದ ತುಂಬಿರಲಿ, ಬರೀ ದುಗ್ಗಿ ತಿಗ್ಗಿ ಇರಲಿ,
ಪ್ರತಿ ಕೂಗೂ ಸರಿಯಾಗಿ ಏಳು ಸೆಕೆಂಡಿಗೆ.
ನೂರಕ್ಕೆ ಅರವತ್ತೆಂಟಿದ್ದ ಗೆಲುವು ಐವತ್ತೊಂದಕ್ಕೆ ಇಳಿಯಿತು.
ಮೇಡಂ, 'ಇದು ಪ್ರಾಮಾಣಿಕ ಸಂಖ್ಯೆ' ಅಂದರು.
ಮೈಸೂರ್‌ಪಾಕು ಬರಲಿಲ್ಲ.

ಒಂದು ಗುರುವಾರ ಮಂಡ್ಯದಲ್ಲಿ ಕರೆಂಟು ಹೋಯಿತು, ಕೂಗಿನ ನಡುವೆಯೇ.
ಇತ್ತ ದಕ್ಷಿಣ ಕಾಯಿತು. ಏಳು ಸೆಕೆಂಡು. ಎಂಟು.
ಸಾವಿರ ಹಂಚಿಕೆ, ಮತ್ತೆ ಸಾವಿರ,
ಆ ಮೌನಕ್ಕೆ ಹೊಂದುವ ಕೈ ಒಂದೂ ಇರಲಿಲ್ಲ.
ನಲವತ್ತೊಂದು ನಿಮಿಷ ಫ್ಯಾನು ಬಿಸಿಗಾಳಿ ಉಗುಳಿತು.
ನಿಲ್ಲಿಸಬಹುದಿತ್ತು ನಾನು, ಪಕ್ಕದಲ್ಲೇ ಕೂತಿದ್ದೆ.
ಅದು ಯಾವ ಅಧ್ಯಾಯಕ್ಕೂ ಸೇರಲಿಲ್ಲ.

ಕ್ಲಬ್ಬಿಗೆ ಈಗಲೂ ಶನಿವಾರ ಹೋಗುತ್ತೇನೆ.
ಸಾಹೇಬರು ಮೊದಲಿಗಿಂತ ಬೇಗ ಕೂಗುತ್ತಾರೆ,
ಬೇಗ ಸೋಲುತ್ತಾರೆ.
ಅವರ ಹಿಂದಿನ ಕುರ್ಚಿಯಲ್ಲಿ ಕೂರುವ ಮುಂಚೆ
ನಾನು ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುತ್ತೇನೆ,
ಅವರಿಗೆ ಕಾಣುವ ಹಾಗೆ.