ಬಿಟ್ಟಿ ದಡ

ನಲ್ಲಿಯಿಲ್ಲ. ಕರೆಂಟಿಲ್ಲ. ಕಾಸೂ ಕೇಳುವುದಿಲ್ಲ.
ಒಂದು ಗುಂಡಿ ಕಕ್ಕಸು, ಬಾಗಿಲಿನ ಕೀಲು ಸಡಿಲ,
ಗಾಳಿ ಬಂದರೆ ರಾತ್ರಿಯಿಡೀ ದಡಬಡ.
ಬೆಂಕಿ ಹಾಕಲು ಏಳು ಕಡೆ ಕಲ್ಲಿನ ಬಳೆ.
ಒಂದು ಹಲಗೆ, ಅದಕ್ಕೆ ನಾನೇ ಮೊಳೆ ಹೊಡೆದ ಕಾಗದ:
ಹದಿನಾಲ್ಕು ದಿನ ಇರಬಹುದು, ಆಮೇಲೆ ಹೊರಡತಕ್ಕದ್ದು.
ತಂದದ್ದನ್ನೆಲ್ಲ ಒಯ್ಯತಕ್ಕದ್ದು.

ಕರ್ಲ್ಯೂ ಜಲಾಶಯ, ಮೊಂಟಾನಾದ ಬಯಲು ಮೂಲೆ.
ಮರವೆಂದರೆ ಮೂರು ಕಾಟನ್‌ವುಡ್,
ಮೂರೂ ಒಂದೇ ಕಡೆ ಬಾಗಿ, ಗುಟ್ಟು ಕೇಳುವ ಹಾಗೆ.
ಮಂಗಳವಾರ ಮಂಗಳವಾರ ನನ್ನ ಪಿಕಪ್ಪು ಬರುತ್ತದೆ,
ಹಿಂದೆ ಪೊರಕೆ, ಬ್ಲೀಚು, ಕಾಗದದ ಸುರುಳಿ,
ಜೇಬಿನಲ್ಲಿ ಪೆನ್ಸಿಲು, ಗಾಡಿ ನಂಬರು ಬರೆದುಕೊಳ್ಳಲು.
ಬಿಟ್ಟಿಗೂ ಲೆಕ್ಕವಿದೆ ಸ್ವಾಮೀ;
ನನ್ನ ಸಂಬಳ ಹುಟ್ಟುವುದೇ ಅಲ್ಲಿ.

ಆರ್ಲೀಸ್ ಟ್ವೈಟ್, ಎಪ್ಪತ್ತಾರು ವರ್ಷ,
ಅದರಲ್ಲಿ ಮೂವತ್ತೊಂದು ಶಾಲೆಯ ಬಸ್ಸು ಓಡಿಸಿದವಳು.
ಈಗ ಮನೆಗೇ ಚಕ್ರ.
ಎಂಬತ್ತೇಳರ ಆರ್‌ವಿ, ಕಂದು ಪಟ್ಟೆ,
ಸೂರು ಸೋರುವಲ್ಲಿ ಬೆಳ್ಳಿ ಟೇಪಿನ ತೇಪೆ.
ಹದಿನಾಲ್ಕನೆಯ ಬೆಳಿಗ್ಗೆ ನಾನು ತಲುಪುವ ಮೊದಲೇ
ಜೆರೇನಿಯಂ ಕುಂಡವನ್ನು ಸಿಂಕಿನೊಳಗೆ ಕೂರಿಸಿ
ಮೆಟ್ಟಿಲು ಮಡಚಿ
ಆಚೆ ದಡಕ್ಕೆ ಹೊರಟಿರುತ್ತಾಳೆ.
ಅಲ್ಲಿ ಹದಿನಾಲ್ಕು. ಮತ್ತೆ ಇಲ್ಲಿ.
ಚಂದ್ರನೂ ಹೀಗೇ ತಾನೆ,
ಪಕ್ಷಕ್ಕೊಮ್ಮೆ ಮಗ್ಗುಲು ಬದಲಿಸಿ ಬದುಕುವುದು.
ಬೇಜಾರಾಗೋದಿಲ್ವ ಅಂತ ಒಮ್ಮೆ ಕೇಳಿದೆ.
‘ಅಲ್ಲಿ ಬೆಳಗಿನ ಬಿಸಿಲು ಹಾಸಿಗೆಗೆ ಬೀಳುತ್ತೆ,
ಇಲ್ಲಿ ಒಲೆಗೆ.
ಎರಡು ಮನೆ ಇರೋ ಸಾಹುಕಾರ್ತಿ ನಾನು’ ಅಂದಳು.

ಈ ಸಲ ಪಕ್ಕದಲ್ಲಿ ನೀಲಿ ಡೇರೆ.
ಎಲಿಯೂದ್, ನೋಯೆ, ಅಣ್ಣ ತಮ್ಮ,
ಟೆಕ್ಸಾಸಿನ ತುದಿಯಿಂದ ಬೀಟ್ ಕೀಳಲು ಬಂದವರು.
ನೆಲ ಇನ್ನೂ ಬಿಸಿ, ಕಿತ್ತರೆ ಗಡ್ಡೆ ಕೊಳೆಯುತ್ತದೆ,
ತಣ್ಣಗಾಗುವವರೆಗೆ ಕೂಲಿಯಿಲ್ಲ.
ಕೂಲಿಯಿಲ್ಲದ ದಿನ ಬಾಡಿಗೆ ಕೇಳದ ಜಾಗ
ಭೂಮಿಯ ಮೇಲೆ ಎಷ್ಟಿದ್ದೀತು!
ಡೇರೆಯ ಹಗ್ಗದ ಮೇಲೆ ನಾಲ್ಕು ಕಾಲುಚೀಲ, ಒಂದೂ ಜೋಡಿಯಲ್ಲ.

ಮಂಗಳವಾರ ಬಂದಾಗ
ಆರ್‌ವಿ ಇದ್ದಲ್ಲೇ ಇತ್ತು.
ಅದರ ಹೊಟ್ಟೆಯಡಿಯಿಂದ ಎಲಿಯೂದನ ಕಾಲು,
ನೋಯೆಯ ಕೈಯಲ್ಲಿ ಟಾರ್ಚು.
ಮೆಟ್ಟಿಲು ಮಡಚಿದೆ. ಜೆರೇನಿಯಂ ಸಿಂಕಿನಲ್ಲಿದೆ.
ಆರ್ಲೀಸ್ ಚೀಲ ಎದೆಗವಚಿಕೊಂಡು ನಿಂತಿದ್ದಳು,
ಬಸ್ಸು ತಪ್ಪಿದ ಮಗುವಿನ ಹಾಗೆ.
ಪೆಟ್ರೋಲಿನ ಪಂಪು ಸತ್ತಿದೆಯಂತೆ.
ಹೊಸದು ಶುಕ್ರವಾರ ಬಂದರೆ ಬಂತು.

ಪೆನ್ಸಿಲು ತೆಗೆದೆ.
ಹೊರಡತಕ್ಕದ್ದು ಎಂಬ ಮಾತಿಗೆ ಪಂಪಿನ ವಿಷಯ ಗೊತ್ತಿಲ್ಲ.
‘ಬರಿ’ ಅಂದಳು ಅವಳೇ. ‘ಬಸ್ಸು ತಡವಾದ ದಿನ
ನಾನೂ ಬರೀತಿದ್ದೆ, ಕಾರಣ ಸಮೇತ.’
ನನ್ನ ಹಾಳೆಯಲ್ಲಿ ಕಾರಣಕ್ಕೆ ಜಾಗವೇ ಇಲ್ಲ.
ತಲೆಯೆತ್ತಿ ನೋಡಿದೆ:
ಜುಲೈನಲ್ಲಿ ಅವಳ ಟೈರು ನೆಕ್ಕುತ್ತಿದ್ದ ನೀರು
ಈಗ ನೂರಿಪ್ಪತ್ತು ಹೆಜ್ಜೆ ಆಚೆ,
ನಡುವೆ ಬಿರಿದ ಕೆಸರು, ಒಂದು ಬಿಯರ್ ಡಬ್ಬಿ,
ಹೆರಾನ್ ಹಕ್ಕಿಯ ಕಾಲಿನ ಗುರುತು.
ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದೆ:
ಗಾಡಿ ದಡದಲ್ಲಿಲ್ಲ. ದಡ ಹೊರಟುಹೋಗಿದೆ.

ಆಫೀಸಿನಲ್ಲಿ ಯಾರೂ ಓದುವುದಿಲ್ಲ ಅದನ್ನು.
ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ,
ಸುಳ್ಳೋ ನಿಜವೋ ಎಂದು.

ಮುಂದಿನ ಮಂಗಳವಾರ, ಮೊದಲ ಇಬ್ಬನಿ ಬಿಳಿ.
ಆರ್‌ವಿ ನಿಂತಲ್ಲಿ ಹಳದಿ ಹುಲ್ಲಿನ ಚೌಕ,
ಡೇರೆ ಇದ್ದಲ್ಲಿ ಇನ್ನೊಂದು, ಪುಟ್ಟದು.
ನೆಲ ತಣ್ಣಗಾಗಿದೆ, ಹುಡುಗರು ಕೆಲಸಕ್ಕೆ ಹೋಗಿರಬೇಕು.
ಅರ್ಧ ಉರಿದ ಕೊರಡಿನ ಪಕ್ಕ ಒಣ ಪುರಳೆ,
ಒದ್ದೆಯಾಗದಂತೆ ಮೇಲೆ ಬೋರಲು ತಗಡು.
ಕಸ ಒಂದು ಚೂರಿಲ್ಲ,
ಹೊಲಸು ಮಾಡಿದವರೇ ಅಲ್ಲ ಬಿಡಿ.

ಪೊರಕೆ ಹಿಡಿದು ಕಕ್ಕಸಿಗೆ ಹೋದೆ.
ಮೂರು ವರ್ಷದಿಂದ ಬರೆದು ಬರೆದು ಕೊಟ್ಟಿದ್ದೆ,
ಯಾರೋ ಕೀಲು ಬಿಗಿದಿದ್ದಾರೆ, ಹೊಸ ತಿರುಪು ಹಾಕಿ.
ಒಳಗೆ ನಿಂತು ಎರಡು ಸಲ ಹಾಕಿದೆ, ತೆಗೆದೆ.
ಹೊರಗೆ ಗಾಳಿ ಜೋರಾಗಿಯೇ ಇತ್ತು.
ಬಾಗಿಲು ಬಡಿಯಲಿಲ್ಲ.