ನಾಲ್ಕರ ಹತ್ತಿರ ಒಂದು ಕೂದಲು

ದಾದರ್ ಸೇತುವೆಯ ಕೆಳಗೆ ನೂರೆಂಬತ್ತಕ್ಕೆ ಕೊಂಡದ್ದು.
ನೂರೈವತ್ತಕ್ಕೂ ಕೊಡುತ್ತಿದ್ದನೇನೋ,
ಹಿಂದಿನಿಂದ ಜನ ನೂಕುತ್ತಿದ್ದರು.

ಭಾನುವಾರ ತರಕಾರಿ ಚಾಕುವಿನ ತುದಿಯಲ್ಲಿ ಅದರ ಬೆನ್ನು ಬಿಚ್ಚಿ
ಮೂರು ಮುಳ್ಳನ್ನೂ ಇಡ್ಲಿ ತಟ್ಟೆಯ ಮೂರು ಕುಳಿಗಳಲ್ಲಿ
ಬೇರೆ ಬೇರೆ ಮಲಗಿಸಿದೆ.
ಫ್ಯಾನು ಹಾಕಬೇಡ ಎಂದದ್ದಕ್ಕೆ
ವಾರಿಜ ಉಸಿರನ್ನೂ ಬಿಗಿಹಿಡಿದು ಕೂತಳು,
ನಗೆ ತಡೆಯಲಾಗದೆ ಎದ್ದು ಹೋದಳು.

ಮಗಳ ಉಗುರುಬಣ್ಣ ಅಳಿಸುವ ನೀರು, ಚೂರು ಹತ್ತಿ:
ಎರಡೇ ಉಜ್ಜಿಗೆ ಸ್ವಿಸ್ ಹೆಸರು ಮಾಯ.
ಇಷ್ಟು ಬೇಗ ಬಿಟ್ಟುಕೊಡುತ್ತದೆಂದು ಗೊತ್ತಿದ್ದರೆ
ಇನ್ನೂ ಚೌಕಾಶಿ ಮಾಡುತ್ತಿದ್ದೆ.

ತಳಕ್ಕೆ ಭಾವುಚಾ ಧಕ್ಕೆಯ ನೀರಿನ ಬಣ್ಣ,
ನೀಲಿಯಲ್ಲ, ನೀಲಿಯ ಮೇಲೆ ಡೀಸೆಲ್ ಹರಡಿದ್ದು.
ಹನ್ನೆರಡರ ಜಾಗದಲ್ಲಿ ಅಕ್ಕಿಕಾಳಿನಷ್ಟು ಬಂಗುಡೆ,
ಆರರಲ್ಲಿ ಅದನ್ನು ತಿಂದಾದ ಮೇಲಿನ ಮುಳ್ಳು.
"ಮೊದಲೇ ಮೂರು ಮುಳ್ಳು, ಸಾಲದೆಂದು ಇನ್ನೊಂದಾ?" ಎಂದಳು.
ಕಟ್ಟಿಕೊಂಡಳು.

ಆದದ್ದು ಇಷ್ಟು: ನಾಲ್ಕರ ಹತ್ತಿರ
ಕುಂಚದ ಒಂದು ಕೂದಲು ಬಣ್ಣದಲ್ಲೇ ಒಣಗಿಬಿಟ್ಟಿದೆ.
ಸೆಕೆಂಡಿನ ಮುಳ್ಳು ಅಲ್ಲಿ ಬಂದು ತಡವರಿಸುತ್ತದೆ,
ನಡುಗುತ್ತದೆ, ಆಮೇಲೆ ಹಾರುತ್ತದೆ.
ದಿನಕ್ಕೆ ಹನ್ನೊಂದು ನಿಮಿಷ ಹಿಂದೆ.
ತೆಗೆದುಕೊಡುತ್ತೇನೆ ಎಂದರೆ ಬೇಡವಂತೆ.
ನಾಲ್ಕಕ್ಕೇ ಎದ್ದು ಹರಾಜಿಗೆ ಓಡುವವಳು:
"ಅದಾದರೂ ಅಲ್ಲಿ ಚೂರು ಮಲಗಲಿ ಬಿಡಿ."

ತಕ್ಕಡಿ ಹಿಡಿದ ಕೈ, ದಿನವಿಡೀ ಐಸು.
ಮೊನ್ನೆ ಗಾಜಿನೊಳಗೆ ನೀರು ಇಳಿದಿದೆ.
ಬಣ್ಣ ಗಟ್ಟಿಯೆಂದು ಅಂಗಡಿಯವನು ಆಣೆ ಹಾಕಿದ್ದ.
ದೀಪದ ಕೆಳಗೆ ಇಬ್ಬರೂ ತಲೆ ತಾಗಿಸಿ ನೋಡಿದೆವು:
ಬಂಗುಡೆ ಬಾಲ ಬಿಚ್ಚಿಕೊಂಡು
ಒಂದರ ಕಡೆಗೆ ಹೊರಟಿದೆ.