ಅಕ್ಷರ ಯಾರವು

ಬ್ಯಾಂಕಿನ ಹುಡುಗ ಮಸಿಡಬ್ಬಿ ಸರಸತಾನ:
"ಆಯಿ, ಸಹಿ ಬರ್ತದೇನು, ಹೆಬ್ಬೆಟ್ಟೋ?"
ಹೆಬ್ಬೆಟ್ಟು ಅಂತೀನಿ.
ಸೇಡಂ ಬಿಸಲಾಗ ಎಪ್ಪತ್ತು ವರ್ಷದ ಸುಳ್ಳು
ನೀಲಿಯಾಗಿ ಒಣಗತದ.

ಅಪ್ಪಗ ಮೂರು ಹಳ್ಳಿ ಹೆದರತಿದ್ವು,
ಅಪ್ಪ ಕಾಗದಕ್ಕ ಹೆದರತಿದ್ದ.
ಓದು ಬಾರದ ವತನದಾರ, ಮಂದಿ ಬಾಯಾಗ "ಸರಕಾರ್".
ಮುನಶಿ ಯಾಸೀನಸಾಬರನ್ನ ಕರೆಸಿ
ಪರದೆ ಆಚೆ ಕೂಡಿಸಿದ, ಈಚೆ ನನ್ನ.
"ಬೇಟಾ, ಯೇ ಬಾಲ ಹಿಂದಕ್ಕ ಒಗಿ,
ನವಿಲು ತಿರುಗಿ ನೋಡಿದಂಗ."

ಹದಿಮೂರಕ್ಕ ಮನಿ ಲೆಕ್ಕ ಎಡದಿಂದ ಬಲಕ್ಕ,
ಊರಿನ ಲೆಕ್ಕ ಬಲದಿಂದ ಎಡಕ್ಕ.
ಮಾಳಪ್ಪ, ಲೆವಿ ಬಾಕಿ, ಎತ್ತು ಜಪ್ತಿ.
ತುಳಜವ್ವ, ಕಣದಾಗ ತೆನಿ ಆರಿಸಿದಳು, ಹನ್ನೆರಡು ಏಟು.
"ಹದಿನೈದು ಮಾಡು," ಅಂದ ಅಪ್ಪ,
"ನಿನ್ನ ಅಕ್ಷರ ಚಂದ ಅವ."
ಅವತ್ತು ರಾತ್ರಿ ನನಗ ಜ್ವರ.
ಒದ್ದಿ ಅರಬಿ ಹಿಂಡಿ ಹಿಂಡಿ ಹಣಿಮ್ಯಾಗ ಇಟಗೋತ
ಬೆಳಗಾತನಾ ಕುಂತ. ಅದೇ ಕೈ.
ತಂಪಿತ್ತು. ಇಲ್ಲಂತ ಹ್ಯಾಂಗ ಹೇಳಲಿ?

ಹೊಲದಾಗ ಮಂದಿ ಹೆಸರು ಬಿಡಿಸತಿದ್ರು,
ದಫ್ತರದಾಗ ನಾ ಹೆಸರು ಕೂಡಿಸತಿದ್ದೆ,
ಆವಾಗ ಸೊಲ್ಲಾಪುರದ ಕಡಿಂದ ಫೌಜು ಬಂತು.
ವಾಡೇದ ಮ್ಯಾಲ ಇಮಾನ ಹಾರಿತು, ಕೋಳಿ ಮೊಟ್ಟಿ ಬಿಟ್ಟೆದ್ದವು.
ಅಪ್ಪ ಹಗೇವಿನಾಗ ಇಳದ,
ಊರು ಅಳದು ಕೊಟ್ಟ ಜ್ವಾಳದ ಮ್ಯಾಲ ಕುಂತ.
ಹಗ್ಗಕ್ಕ ರೊಟ್ಟಿ ಕಟ್ಟಿ ಇಳಸತಿದ್ದೆ.
ಮೂರನೇ ದಿನ ಕೈ ನಿಂತಿತು.
ಬಾಯಿಗೆ ಕಲ್ಲು ಎಳದಿದ್ರ ಸಾಕಿತ್ತು.
ತಳದಿಂದ ದನಿ:
"ನೀ ಉಂಡೇನವ್ವ?"

ಅಫ್ಸರ ದಫ್ತರ ತೆಗದ.
"ಅಕ್ಷರ ಯಾರವು?"
ಅಂಗಳ ತುಂಬ ಮಂದಿ. ತುಳಜವ್ವ, ಸೆರಗ ಬಾಯಿಗಿಟಗೊಂಡು.
ಕಂಬದ ಮಗ್ಗಲಕ್ಕ ಮುನಶಿ.
"ಮುನಶೀವು," ಅಂದೆ.

ಅವರು ಹಾಳಿ ನೋಡಿದ್ರು,
ಬಾಲ ತಿರುವಿದ ಯೇ ನೋಡಿದ್ರು,
ಪಾಠ ಸರಿ ಒಪ್ಪಿಸಿದಾಗ ಹಾಕತಿದ್ದರಲ್ಲ, ಹಂಗ ಗೋಣು ಹಾಕಿದ್ರು.
"ಹೌದು ಸಾಹೇಬ, ನನ್ನವ."
ಕರಕೊಂಡು ಹೋದ್ರು.
ಅವರ ಜೋಡು ಪಡಸಾಲ್ಯಾಗ ಉಳದ್ವು.
ಎರಡು ಮಳಿಗಾಲ ಯಾರೂ ಮುಟ್ಟಲಿಲ್ಲ.

ಅಪ್ಪ ಮ್ಯಾಲ ಬಂದ, ಟೋಪಿ ಬದಲಿ ಮಾಡಿದ,
ಸಾಲ್ಯಾಗ ಝಂಡಾ ಏರಿಸಿದ,
ವಯಸ್ಸಾಗಿ ಹಾಸಿಗ್ಯಾಗ ಸತ್ತ.
ಅತ್ತೆ. ಖರೇನ ಅತ್ತೆ.

ಈಗೂ ಹೆಸರಬ್ಯಾಳಿ ಆರಿಸೂ ಮುಂದ
ಮರದಾಗ ಬಟ್ಟು ತಾವ ಸರೀತಾವ ಬಲದಿಂದ ಎಡಕ್ಕ,
ಒಂದು ಬಾಲ ಹಿಂದಕ್ಕ ತಿರುಗತದ.
ಸೊಸಿ ಬರೂದರಾಗ
ಮರ ಜಾಡಿಸತೀನಿ.